ಮಸೀದಿಯ ಅಂಗಳದ ಆಟ, ಅಡವಿಯ ಓಟ

ಅದು ಈದ್ ದಿನ. ಮದೀನದ ಮಸ್ಜಿದುನ್ನಬವಿಯಲ್ಲಿ ಹಬಶಿ ಜನರು ಈಟಿ, ಗುರಾಣಿ ಹಿಡಿದು ಆಡುತ್ತಿದ್ದರು. ಹಬಶ್ ಎಂದರೆ ಇಂದಿನ ಇಥಿಯೋಪಿಯಾ ಮತ್ತು ಅದರ ಸುತ್ತಲಿನ ನಾಡು. ಪ್ರವಾದಿ ಮುಹಮ್ಮದ್(ಸ)ರು ಮಡದಿ ಹಜರತ್ ಆಯಿಶಾ(ರ)ರಿಗೆ ಆಟ ನೋಡುವ ಆಸೆಯಿದೆಯೇ ಎಂದು ಕೇಳಿದರು. ಅವರು ಹೌದೆಂದಾಗ ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರಿಗೆ ಸಾಕೆನಿಸುವ ತನಕ ತಾವೂ ನಿಂತೇ ಇದ್ದರು. ಆಡುವವರನ್ನು ಅವರ ಕುಲದ ಹೆಸರು ಹಿಡಿದು ಕರೆದು, ಮುಂದುವರಿಸಿರಿ ಎಂದು ಹುರಿದುಂಬಿಸಿದರು. ಹಜರತ್ ಉಮರ್(ರ) ಬಂದು ಇದನ್ನು ಕಂಡು ಆಡುವವರ ಮೇಲೆ ಎಸೆಯಲು ಹರಳು ಎತ್ತಿಕೊಂಡಾಗ, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿ(ಸ)ರೇ ತಡೆದರು. ಈ ಸಂಗತಿಗಳನ್ನು ಇಮಾಮ್ ಬುಖಾರಿ(ರಹ್)ಯವರು ತಮ್ಮ ಸಂಗ್ರಹದಲ್ಲಿ ದಾಖಲಿಸಿದ್ದಾರೆ.

ಸಹೋದರ ಸಹೋದರಿಯರೇ, ಆಟೋಟಗಳ ಇತಿಹಾಸದಲ್ಲಿ ನೆನಪಿಡಬೇಕಾದ ಘಳಿಗೆಗಳನ್ನು ಎಣಿಸುವಾಗ ನಾವು ಮೊದಲು ಇಡುವುದು ಈ ಘಳಿಗೆಯನ್ನೇ. ಇದರಲ್ಲಿ ಮೂರು ಮಾತುಗಳಿವೆ. ಆಟ ನಡೆದದ್ದು ಮಸೀದಿಯಲ್ಲಿ. ಅದನ್ನು ನೋಡಿದ್ದು ಒಬ್ಬ ಹೆಣ್ಣುಮಗಳು, ತೋರಿಸಿದ್ದು ಆಕೆಯ ಗಂಡ. ಆಡಿದ್ದು ಆ ಕಾಲದ ಅರಬರ ಕಣ್ಣಿಗೆ ಪರದೇಶದ, ಕಪ್ಪು ಬಣ್ಣದ, ಬಹಳ ಮಂದಿ ಕೀಳಾಗಿ ನೋಡುತ್ತಿದ್ದ ಜನ. ಈ ಮೂರನೆಯ ಮಾತು ನಮ್ಮ ಕಲಘಟಗಿ ತಾಲೂಕಿನವರಿಗೆ ಬೇರೆಯವರಿಗಿಂತ ಹೆಚ್ಚು ಸಂಬಂಧಪಟ್ಟದ್ದು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಪ್ರವಾದಿ(ಸ)ರ ಕಾಲದ ಪಂದ್ಯಗಳು

ಆಟ ಎಂದರೆ ಬರೀ ದುನಿಯಾದ ಕೆಲಸ, ದೀನಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಹದೀಸ್ ಗ್ರಂಥಗಳನ್ನು ತೆರೆದರೆ ಬೇರೆಯದೇ ಚಿತ್ರ ಕಾಣುತ್ತದೆ. ಪ್ರವಾದಿ(ಸ)ರು ಮದೀನದಲ್ಲಿ ಕುದುರೆ ಪಂದ್ಯ ಏರ್ಪಡಿಸುತ್ತಿದ್ದರು. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಉದ್ದದ ಓಟ, ಪಳಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕರ ಮಸೀದಿಯವರೆಗೆ ಗಿಡ್ಡ ಓಟ. ಹಜರತ್ ಅಬ್ದುಲ್ಲಾ ಬಿನ್ ಉಮರ್(ರ) ಸ್ವತಃ ಈ ಪಂದ್ಯದಲ್ಲಿ ಓಡಿಸಿದವರು. ಪ್ರಾಣಿಯ ತಾಕತ್ತು ನೋಡಿ ದೂರ ಗೊತ್ತುಮಾಡುವ ಈ ಕ್ರಮ ಇಂದಿನ ಕ್ರೀಡಾ ಮಾಸ್ತರರಿಗೂ ಒಪ್ಪಿಗೆಯಾಗುವಂಥದ್ದು.

ಇಮಾಮ್ ಅಬೂ ದಾವೂದ್(ರಹ್) ದಾಖಲಿಸಿದ ಪ್ರಕಾರ ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರೂ ಹಜರತ್ ಆಯಿಶಾ(ರ)ರೂ ಓಟದ ಪಂದ್ಯ ಕಟ್ಟಿದರು. ಆಯಿಶಾ(ರ) ಗೆದ್ದರು. ಮುಂದೆ ಕೆಲಕಾಲದ ಮೇಲೆ ಅವರ ಮೈ ತುಂಬಿಕೊಂಡಾಗ ಮತ್ತೆ ಓಡಿದರು. ಈ ಸಲ ಪ್ರವಾದಿ(ಸ)ರು ಗೆದ್ದು, ಅಂದಿನದಕ್ಕೂ ಇಂದಿನದಕ್ಕೂ ಸರಿಹೋಯಿತು ಎಂದು ನಗೆಯಾಡಿದರು. ಗಂಡ ಹೆಂಡಿರ ನಡುವಿನ ಈ ಸಲಿಗೆ ನಮ್ಮ ಎಷ್ಟು ಮನೆಗಳಲ್ಲಿದೆ?

ಸೋಲನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದಕ್ಕೂ ಒಂದು ಪಾಠವಿದೆ. ಪ್ರವಾದಿ(ಸ)ರ ಅಝ್ಬಾ ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದೆ ಹಾಕುತ್ತಿರಲಿಲ್ಲ. ಒಂದು ದಿನ ಹಳ್ಳಿಯ ಅರಬನೊಬ್ಬ ತನ್ನ ಎಳೆಯ ಒಂಟೆಯನ್ನು ಹತ್ತಿ ಬಂದು ಅದನ್ನು ಹಿಂದೆ ಹಾಕಿದ. ಸಹಾಬಿಗಳಿಗೆ ಬೇಸರವಾಯಿತು. ದುನಿಯಾದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮ ಎಂದು ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರು. ತಮ್ಮನ್ನು ಸೋಲಿಸಿದ ಹಳ್ಳಿಗನ ಮೇಲೆ ಒಂದು ಬಿರುಸು ಮಾತಿಲ್ಲ. ಕ್ರಿಕೆಟ್ಟಿನಲ್ಲಿ ತಮ್ಮ ತಂಡ ಸೋತರೆ ಟಿ.ವಿ. ಒಡೆಯುವ, ಆಟಗಾರನ ಮನೆಯವರನ್ನು ಮೊಬೈಲಿನಲ್ಲಿ ಬೈಯುವ ಇಂದಿನ ಹುಡುಗರು ಇದನ್ನು ಓದಬೇಕು.

ಹಬಶ್ ನಾಡಿನ ಋಣ

ಈದ್ ದಿನ ಮಸೀದಿಯಲ್ಲಿ ಆಡಿದ ಆ ಹಬಶಿಗಳ ನಾಡಿಗೆ ಇಸ್ಲಾಂ ಹಳೆಯ ಋಣಿ. ಸುಮಾರು ಕ್ರಿ.ಶ. 615ರಲ್ಲಿ ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಕಡಲು ದಾಟಿ ಅಲ್ಲಿಗೆ ಹೋಯಿತು. ಅಲ್ಲಿನ ಕ್ರೈಸ್ತ ದೊರೆ ನಜಾಶಿ ಅವರನ್ನು ಕಾಪಾಡಿದ. ಮಕ್ಕಾದವರು ಕಾಣಿಕೆ ಹೊತ್ತು ಬಂದು ಕೇಳಿದರೂ ನಿರಾಶ್ರಿತರನ್ನು ಒಪ್ಪಿಸಲಿಲ್ಲ. ಆತ ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿ(ಸ)ರು ಮದೀನದಲ್ಲೇ ಆತನಿಗಾಗಿ ಜನಾಝಾ ನಮಾಜ್ ಮಾಡಿದರು.

ಹಜರತ್ ಬಿಲಾಲ್(ರ) ಹಬಶ್ ಮೂಲದವರು, ಗುಲಾಮರಾಗಿದ್ದವರು. ಹಜರತ್ ಅಬೂಬಕರ್(ರ) ಅವರನ್ನು ಬಿಡಿಸಿದರು. ಕ್ರಿ.ಶ. 630ರಲ್ಲಿ ಮಕ್ಕಾ ಕೈವಶವಾದಾಗ ಕಾಬಾದ ಮೇಲಿನಿಂದ ಅಝಾನ್ ಕೊಡುವ ಗೌರವ ಸಿಕ್ಕಿದ್ದು ಅವರಿಗೆ. ಹಜರತ್ ಉಮರ್(ರ)ರು ಬಿಲಾಲ್(ರ)ರನ್ನು ನಮ್ಮ ಸಯ್ಯಿದ್, ಅಂದರೆ ನಮ್ಮ ಒಡೆಯರು ಎಂದೇ ಕರೆಯುತ್ತಿದ್ದರು. ಹಜರತ್ ಅಬೂದರ್(ರ) ಸಿಟ್ಟಿನಲ್ಲಿ ಒಬ್ಬರನ್ನು ಅವರ ತಾಯಿಯ ಮೂಲ ಎತ್ತಿ ಹೀಯಾಳಿಸಿದಾಗ, ನಿನ್ನಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿ(ಸ)ರು ಗದರಿಸಿದರು. ಕುಲಗಳು, ಜನಾಂಗಗಳು ಇರುವುದು ಒಬ್ಬರನ್ನೊಬ್ಬರು ಗುರುತಿಸುವುದಕ್ಕೆ, ಅಲ್ಲಾಹನ ಬಳಿ ಹೆಚ್ಚಿನವರು ತಕ್ವಾ ಉಳ್ಳವರು ಮಾತ್ರ ಎಂಬುದು ಸೂರಃ ಹುಜುರಾತ್‌ನ ಸಾರ.

ಹಬಶಿಗಳು ನಮ್ಮ ಅಡವಿಗೆ ಬಂದದ್ದು

ಈಗ ನಮ್ಮ ಸೀಮೆಗೆ ಬರೋಣ. ದೇವಿಕೊಪ್ಪದಿಂದ ಆಚೆ ಅಡವಿ ಹಿಡಿದು ಹೋದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆ. ಆ ಅಡವಿಯ ಅಂಚಿನ ಊರುಗಳಲ್ಲಿ, ನಮ್ಮ ಕಲಘಟಗಿ ತಾಲೂಕಿನಲ್ಲಿಯೂ, ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿ, ಉರ್ದು, ಕನ್ನಡ ಆಡುತ್ತಾರೆ. ಇವರ ಹಿರಿಯರು ಆಫ್ರಿಕಾದವರು. ಸಿದ್ದಿ ಎಂಬ ಹೆಸರು ಅರಬಿಯ ಸಯ್ಯಿದಿ ಎಂಬ ಮಾತಿನಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಹಜರತ್ ಉಮರ್(ರ) ಹಜರತ್ ಬಿಲಾಲ್(ರ)ರನ್ನು ಕರೆದ ಮಾತಿನ ಬೇರೇ ನಮ್ಮ ನೆರೆಯವರ ಹೆಸರಿನಲ್ಲಿದೆ.

ಅವರು ಇಲ್ಲಿಗೆ ಬಂದ ಬಗೆ ಮಾತ್ರ ದುಃಖದ್ದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಮೊಸಾಂಬಿಕ್ ಮುಂತಾದ ಕಡೆಯಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಮಾರಿದರು. ಅವರಿಗೂ ಮೊದಲಿನಿಂದ ಅರಬ್ ವ್ಯಾಪಾರಿಗಳೂ ಈ ವ್ಯಾಪಾರ ಮಾಡುತ್ತಿದ್ದರು, ದಖ್ಖನಿನ ಸುಲ್ತಾನರೂ ಕೊಂಡರು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಗುಲಾಮನನ್ನು ಬಿಡಿಸುವುದು ಪುಣ್ಯವೆಂದು ಕಲಿಸಿದ ದೀನನ್ನು ಒಪ್ಪಿದವರೂ ಲಾಭದ ಮುಂದೆ ಅದನ್ನು ಮರೆತಿದ್ದರು. ಗೋವಾದ ದಣಿಗಳ ಹಿಂಸೆ ತಾಳದೆ ಓಡಿಬಂದವರು, ಗುಲಾಮಗಿರಿಯಿಂದ ಬಿಡುಗಡೆಯಾದವರು ಘಟ್ಟದ ಅಡವಿಯಲ್ಲಿ ನೆಲೆ ಕಂಡುಕೊಂಡರು.

ದಖ್ಖನಿಗೆ ಬಂದ ಹಬಶಿಗಳಲ್ಲಿ ದೊಡ್ಡ ಪದವಿಗೇರಿದವರೂ ಇದ್ದಾರೆ. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಹಲವು ಸಂತೆಗಳಲ್ಲಿ ಮಾರಾಟವಾಗಿ ಅಹಮದನಗರಕ್ಕೆ ಬಂದ ಮಲಿಕ್ ಅಂಬರ್ ಆ ರಾಜ್ಯದ ಮಂತ್ರಿಯಾಗಿ, 1626ರಲ್ಲಿ ತೀರಿಕೊಳ್ಳುವ ತನಕ ಮೊಗಲರನ್ನು ತಡೆದು ನಿಲ್ಲಿಸಿದ. ಮುಂದೆ ಔರಂಗಾಬಾದ್ ಎನಿಸಿಕೊಂಡ ಊರನ್ನು ಕಟ್ಟಿ ನೆಲದೊಳಗಿನ ಕಾಲುವೆಯಿಂದ ನೀರು ತಂದವನೂ ಅವನೇ. ನಮ್ಮ ಬಿಜಾಪುರದ ಮುಹಮ್ಮದ್ ಆದಿಲ್‌ಶಾಹನ ಆಸ್ಥಾನದಲ್ಲಿ ಹಬಶಿ ಮೂಲದ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಆದರೆ ಅಡವಿ ಸೇರಿದ ಸಿದ್ದಿಗಳ ಪಾಲಿಗೆ ಬಂದದ್ದು ಕೂಲಿ, ಜೀತ ಮತ್ತು ಊರಿನವರ ಕುಹಕ.

1987: ಅಡವಿಯ ಮಕ್ಕಳನ್ನು ಹುಡುಕಿ ಬಂದದ್ದು

1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟ ಮುಗಿದ ಮೇಲೆ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಅದರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಆಲೋಚನೆ ಸರಳವಾಗಿತ್ತು. ಬೆಟ್ಟ, ಕಡಲತೀರ, ಅಡವಿಗಳ ಮಕ್ಕಳಿಗೆ ಬದುಕೇ ಒಂದು ತಾಲೀಮು. ಬಿಲ್ಲು ಹಿಡಿದು ಬೆಳೆದವರನ್ನು ಬಿಲ್ಲುಗಾರಿಕೆಗೆ, ಗುಡ್ಡ ಹತ್ತಿ ಬೆಳೆದವರನ್ನು ಓಟಕ್ಕೆ ಆರಿಸಿ ಕಲಿಸಿದರೆ ಒಲಿಂಪಿಕ್ ಪದಕ ಬರಬಹುದು ಎಂಬುದು ಲೆಕ್ಕ. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾರಾಮ್ 1987ರಲ್ಲಿ ಹೀಗೆ ಆಯ್ಕೆಯಾಗಿ, ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಬಿಲ್ಲು ಹಿಡಿದ.

ಅದೇ 1987ರಲ್ಲಿ ಆಯ್ಕೆಗಾರರು ಸಿದ್ದಿಗಳ ಊರುಗಳಿಗೂ ಬಂದರು, ಉತ್ತರ ಕನ್ನಡದ ಅಡವಿಗೂ ಗುಜರಾತಿನ ಸಿದ್ದಿ ಹಳ್ಳಿಗಳಿಗೂ. ಮಕ್ಕಳನ್ನು ಓಡಿಸಿದರು, ಜಿಗಿಸಿದರು, ಎತ್ತರ ಅಳೆದರು. ಆಯ್ಕೆಯಾದವರನ್ನು ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಅಡವಿ ಬಿಟ್ಟು ಹೊರಗೆ ಹೋಗದ ಮಕ್ಕಳಿಗೆ ಒಮ್ಮೆಲೇ ಮಂಚ, ಬೂಟು, ಹೊಟ್ಟೆ ತುಂಬ ಊಟ, ಶಾಲೆ ಸಿಕ್ಕವು. ಊರ ಬಾವಿಯ ಹತ್ತಿರ ಸೇರಿಸದ ಮಂದಿಯ ಮಕ್ಕಳು ರಾಷ್ಟ್ರಮಟ್ಟದ ಕೂಟಗಳಲ್ಲಿ ಓಡಿದರು. ಅವರಲ್ಲೊಬ್ಬರಾದ ಕಮಲಾ ಮಿಂಗೆಲ್ ಸಿದ್ದಿ 1993ರ ಢಾಕಾ ಸ್ಯಾಫ್ ಕ್ರೀಡಾಕೂಟದಲ್ಲಿ ದೇಶಕ್ಕೆ ಪದಕ ತಂದರು. ಶತಮಾನಗಳ ಹಿಂದೆ ಸಂಕೋಲೆ ಹಾಕಿ ತಂದ ಜನರ ಮನೆಯ ಹೆಣ್ಣುಮಗಳು ಭಾರತದ ಅಂಗಿ ತೊಟ್ಟು ನಿಂತ ಆ ಘಳಿಗೆ ನಮ್ಮ ಸೀಮೆಯ ಇತಿಹಾಸದಲ್ಲಿ ದೊಡ್ಡದು.

ಆದರೆ ಅದೇ 1993ರ ಹೊತ್ತಿಗೆ ಸಿದ್ದಿ ಮಕ್ಕಳ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಉಳಿದವರು ಗಂಟು ಕಟ್ಟಿಕೊಂಡು ಊರಿಗೆ ಮರಳಿ ಮತ್ತೆ ಹೊಲ, ಕೂಲಿ ಹಿಡಿದರು. ಐದಾರು ವರ್ಷದಲ್ಲಿ ಒಲಿಂಪಿಕ್ ಪದಕ ಬೆಳೆಯುವ ಬೆಳೆಯಲ್ಲ. ಮಾವಿನ ಸಸಿ ನೆಟ್ಟು ಎರಡನೇ ವರ್ಷಕ್ಕೆ ಕಾಯಿ ಬಿಡಲಿಲ್ಲವೆಂದು ಕಿತ್ತರೆ ಗಿಡದ ತಪ್ಪಲ್ಲ.

ರಕ್ತವೋ, ರೂಢಿಯೋ?

ಈ ಯೋಜನೆಯ ಬುಡದಲ್ಲೇ ಒಂದು ತೊಡಕಿತ್ತು. ಆಫ್ರಿಕಾದ ರಕ್ತ, ಹಾಗಾಗಿ ಓಡುತ್ತಾರೆ ಎಂಬ ನಂಬಿಕೆ ಅದು. ಕೇಳಲು ಹೊಗಳಿಕೆ, ಒಳಗೆ ಅದೇ ಹಳೆಯ ತಕ್ಕಡಿ. ಬಣ್ಣ ನೋಡಿ ಕೀಳೆನ್ನುವುದು ಹೇಗೋ, ಬಣ್ಣ ನೋಡಿಯೇ ನೀನು ಓಡಬೇಕೆನ್ನುವುದೂ ಹಾಗೆಯೇ. ಎರಡರಲ್ಲೂ ಮನುಷ್ಯ ಕಾಣುವುದಿಲ್ಲ, ಚರ್ಮ ಮಾತ್ರ ಕಾಣುತ್ತದೆ. ಸಿದ್ದಿ ಮಗು ಗಣಿತ ಮಾಸ್ತರನಾಗಬಾರದೇ? ಆಲಿಮ್ ಆಗಬಾರದೇ?

ಜಗತ್ತಿನ ದೊಡ್ಡ ಓಟಗಳ ಕಥೆ ಕೇಳಿದರೆ ರಕ್ತಕ್ಕಿಂತ ರೂಢಿ ದೊಡ್ಡದೆಂದು ತಿಳಿಯುತ್ತದೆ. ಹಬಶ್ ನಾಡಿನವರೇ ಆದ ಅಬೆಬೆ ಬಿಕಿಲಾ 1960ರ ಸೆಪ್ಟೆಂಬರ್ 10ರಂದು ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದರು. ತೆಗೆದುಕೊಂಡದ್ದು 2 ಗಂಟೆ 15 ನಿಮಿಷ 16 ಸೆಕೆಂಡು, ಆ ಕಾಲಕ್ಕೆ ಅದಕ್ಕಿಂತ ಬೇಗ ಯಾರೂ ಓಡಿರಲಿಲ್ಲ. 1935ರಲ್ಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಬಂದದ್ದು ಇದೇ ಇಟಲಿ. ಅಲ್ಲಿಂದ ಹೊತ್ತೊಯ್ದ ಅಕ್ಸುಮ್ ನಗರದ ಪುರಾತನ ಕಲ್ಲುಕಂಬ ಓಟದ ದಾರಿಯ ಪಕ್ಕದಲ್ಲೇ ನಿಂತಿತ್ತು. ತನ್ನ ನಾಡನ್ನು ತುಳಿದವರ ರಾಜಧಾನಿಯಲ್ಲಿ, ತನ್ನ ನಾಡಿನ ಕಲ್ಲಿನ ಮುಂದೆ, ಬೂಟಿಲ್ಲದೆ ಓಡಿ ಗೆದ್ದವನ ಹಿಂದೆ ಇದ್ದದ್ದು ಎತ್ತರದ ಬೆಟ್ಟಗಳಲ್ಲಿ ಮಾಡಿದ ಕಠಿಣ ತಾಲೀಮು ಮತ್ತು ಒಬ್ಬ ಸ್ವೀಡನ್ ದೇಶದ ತರಬೇತುದಾರ. 1964ರಲ್ಲಿ ಟೋಕಿಯೋದಲ್ಲಿ, ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ, ಅವರು ಮತ್ತೆ ಗೆದ್ದರು.

ಸೊಮಾಲಿಯಾ ಮೂಲದ ಮುಸ್ಲಿಂ ಓಟಗಾರ ಮೊ ಫರಾಹ್ 2012ರ ಲಂಡನ್ ಮತ್ತು 2016ರ ರಿಯೋ ಒಲಿಂಪಿಕ್ಸ್‌ಗಳಲ್ಲಿ 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದವರು. ಗೆದ್ದ ಮೇಲೆ ಓಟದ ಹಾದಿಯಲ್ಲೇ ಸಜ್ದಾ ಮಾಡಿದ ಅವರ ಚಿತ್ರವನ್ನು ಬಹಳ ಮಂದಿ ನೋಡಿದ್ದಾರೆ. 2022ರಲ್ಲಿ ಅವರು ತಮ್ಮ ನಿಜ ಹೆಸರು ಹುಸೇನ್ ಅಬ್ದಿ ಕಾಹಿನ್ ಎಂದೂ, ಒಂಬತ್ತರ ವಯಸ್ಸಿನ ಸುಮಾರಿಗೆ ಬೇರೆಯವರ ಹೆಸರಿನಲ್ಲಿ ಬ್ರಿಟನ್ನಿಗೆ ಸಾಗಿಸಿ ಮನೆಗೆಲಸಕ್ಕೆ ಹಚ್ಚಿದ್ದರೆಂದೂ ಬಾಯಿಬಿಟ್ಟು ಹೇಳಿದರು. ಆ ಹುಡುಗ ತನ್ನ ಕಷ್ಟ ಹೇಳಿಕೊಂಡದ್ದು ಶಾಲೆಯ ವ್ಯಾಯಾಮದ ಮಾಸ್ತರರ ಮುಂದೆ. ಅವರು ಕಿವಿಗೊಟ್ಟು ಕೇಳಿ ಅವನನ್ನು ಬಿಡಿಸಿದರು. ಮನುಷ್ಯರನ್ನು ಸಾಗಿಸುವ ವ್ಯಾಪಾರ ಇನ್ನೂ ಸತ್ತಿಲ್ಲ. ಒಬ್ಬ ಮಾಸ್ತರ ಮನಸ್ಸು ಮಾಡಿದರೆ ಒಂದು ಮಗುವಿನ ಬಾಳು ತಿರುಗುವುದೂ ಸುಳ್ಳಲ್ಲ.

ಮತ್ತೆ ಚಿಗುರಿದ್ದು

ನಮ್ಮ ಅಡವಿಯಲ್ಲೂ ಕಥೆ 1993ಕ್ಕೆ ಮುಗಿಯಲಿಲ್ಲ. ಅಂದು ತರಬೇತಿ ಪಡೆದವರಲ್ಲಿ ಕೆಲವರು ಮುಂದೆ ತಮ್ಮ ಮಕ್ಕಳಿಗೆ, ಓಣಿಯ ಮಕ್ಕಳಿಗೆ ತಾವೇ ಕಲಿಸತೊಡಗಿದರು. ಕುಸ್ತಿಗೆ ಹೆಸರಾದ ಹಳಿಯಾಳದಲ್ಲಿ ಸಿದ್ದಿ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿದು ಪದಕ ತರುತ್ತಿದ್ದಾರೆ. ಕಳೆದ ದಶಕದಿಂದ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಈ ಭಾಗದ ಮಕ್ಕಳಿಗೆ ಓಟದ ತರಬೇತಿ ಕೊಡುತ್ತಿದೆ.

ಕಾಗದದ ಮೇಲೂ ಒಂದು ನ್ಯಾಯ ಸಿಕ್ಕಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಗಡಿಯ ಈಚೆಗಿನ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಹೊರಗೆ ಉಳಿದರು. ಅಣ್ಣನಿಗೆ ಸಿಕ್ಕದ್ದು ತಮ್ಮನಿಗಿಲ್ಲ, ನಡುವೆ ಒಂದು ಹಳ್ಳ ಮಾತ್ರ. 2020ರಲ್ಲಿ ಸಂಸತ್ತು ಕಾನೂನು ತಿದ್ದಿ ಈ ಎರಡು ಜಿಲ್ಲೆಯವರನ್ನೂ ಸೇರಿಸಿತು. ನಮ್ಮ ಜಮಾಅತಿನಲ್ಲಿ ಓದುಬರಹ ಬಲ್ಲ ಯುವಕರು ಸಿದ್ದಿ ಮನೆಗಳಿಗೆ ಹೋಗಿ ಜಾತಿ ಪ್ರಮಾಣಪತ್ರದ ಅರ್ಜಿ ತುಂಬಿಕೊಟ್ಟರೆ ಅದೂ ಸದಕಾವೇ.

ನಮ್ಮ ಸಫ್ಫಿನಲ್ಲಿ

ಕೆಲವು ತಿಂಗಳ ಹಿಂದೆ ಜುಮಾ ಮುಗಿದ ಮೇಲೆ ಒಬ್ಬ ತಂದೆ ನಮ್ಮ ಹತ್ತಿರ ಬಂದು ನಿಂತರು. "ಹಜರತ್, ಮಗಳು ಓಟದಾಗ ಮೊದಲ ಬಂದಾಳ್ರಿ. ಕ್ರೀಡಾ ಹಾಸ್ಟೆಲಿಗೆ ಕಳಿಸ್ರಿ ಅಂತಾರ ಮಾಸ್ತರು. ಮನ್ಯಾಗ ಬ್ಯಾಡ ಅಂತಾರ. ನೀವೇನಂತೀರಿ?" ಎಂದರು. ನಾವು ಫತ್ವಾ ಕೊಡಲಿಲ್ಲ, ಪ್ರಶ್ನೆ ಕೇಳಿದೆವು. ಹಾಸ್ಟೆಲ್ ಹೆಣ್ಣುಮಕ್ಕಳದ್ದೇ? ನೋಡಿಕೊಳ್ಳಲು ಹೆಣ್ಣುಮಗಳು ಇದ್ದಾರೆಯೇ? ಮೈ ಮುಚ್ಚುವ ಉಡುಪು ತೊಡಲು ಬಿಡುತ್ತಾರೆಯೇ? ನಮಾಜಿಗೆ ಹೊತ್ತು ಸಿಗುತ್ತದೆಯೇ? ಓದು ಮುಂದುವರಿಯುತ್ತದೆಯೇ? ನೀವೇ ಹೋಗಿ ಕಣ್ಣಾರೆ ನೋಡಿ ಬನ್ನಿರಿ, ಇವೆಲ್ಲ ಸರಿಯಿದ್ದರೆ ಹಜರತ್ ಆಯಿಶಾ(ರ)ರ ಓಟವನ್ನು ಮನೆಯಲ್ಲಿ ಹೇಳಿರಿ ಎಂದೆವು. ಧಾರವಾಡದಲ್ಲಿಯೇ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ನೋಡದೆ ಬೇಡವೆನ್ನುವುದಕ್ಕಿಂತ ನೋಡಿ ತೀರ್ಮಾನಿಸುವುದು ಒಳ್ಳೆಯದು.

ಆಟಕ್ಕೆ ಎಲ್ಲೆಗಳೂ ಇವೆ. ನಮಾಜ್ ತಪ್ಪಿಸುವ ಆಟ, ಮೈ ಕೆಡಿಸುವ ಔಷಧಿ ತಿಂದು ಗೆಲ್ಲುವ ಆಟ, ಹಣ ಕಟ್ಟಿ ಆಡುವ ಆಟ ನಮ್ಮದಲ್ಲ. ಇಂದು ಹುಡುಗರು ಬಯಲಿಗೆ ಇಳಿಯದೆ ಮೊಬೈಲಿನಲ್ಲಿ ಬೆಟ್ಟಿಂಗ್ ಕಟ್ಟಿ, ಸಾಲ ಮಾಡಿ, ಮನೆಯ ನೆಮ್ಮದಿ ಕಳೆಯುತ್ತಿದ್ದಾರೆ. ಅದು ಜೂಜು, ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದ್ದು. ಬಯಲಿನಲ್ಲಿ ಬೆವರು ಸುರಿಸುವ ಹುಡುಗನನ್ನು ಗದರಿಸಿ, ಮೂಲೆಯಲ್ಲಿ ಮೊಬೈಲ್ ಒತ್ತುವವನನ್ನು ಸುಮ್ಮನೆ ಬಿಡುವುದು ಉಲ್ಟಾ ನ್ಯಾಯ.

ಕೊನೆಗೆ ಆ ಮೂರನೆಯ ಮಾತು. ಸಫ್ಫಿನಲ್ಲಿ ಸಿದ್ದಿ ಸಹೋದರ ನಿಂತರೆ ಭುಜಕ್ಕೆ ಭುಜ ಕೊಡುತ್ತೇವೆ. ಆದರೆ ಸಲಾಂ ತಿರುಗಿಸಿ ಹೊರಗೆ ಬಂದ ಮೇಲೆ? ಅವರ ಮಗುವಿನ ಕೂದಲನ್ನು ನಮ್ಮ ಮಕ್ಕಳು ಆಡಿಕೊಂಡು ನಕ್ಕಾಗ ನಾವು ತಡೆಯುತ್ತೇವೆಯೇ? ದಾವತ್ತಿನ ದಸ್ತರಖಾನಿನಲ್ಲಿ ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತೇವೆಯೇ? ನಿಕಾಹಿನ ಮಾತು ಬಂದಾಗ ದೀನು ನೋಡುತ್ತೇವೆಯೋ, ಬಣ್ಣ ನೋಡುತ್ತೇವೆಯೋ? ಮಗಳು ಪದಕ ತಂದಾಗ ನಮ್ಮ ತಾಲೂಕಿನವಳು ಎಂದು ಹೆಮ್ಮೆ ಪಟ್ಟು, ಅವಳ ಅಣ್ಣ ಸಂತೆಗೆ ಬಂದಾಗ ಮುಖ ತಿರುಗಿಸಿದರೆ ಆ ಹೆಮ್ಮೆಗೆ ಬೆಲೆಯಿಲ್ಲ.

ಪ್ರವಾದಿ(ಸ)ರು ಹಬಶಿಗಳಿಗೆ ತಮ್ಮ ಮಸೀದಿಯ ಅಂಗಳವನ್ನೇ ಆಟಕ್ಕೆ ಬಿಟ್ಟುಕೊಟ್ಟರು, ನಿಂತು ನೋಡಿದರು, ಹುರಿದುಂಬಿಸಿದರು. ಮುಂದಿನ ಈದ್ ದಿನ ನಮಾಜ್ ಮುಗಿದ ಮೇಲೆ ನಮ್ಮ ಊರ ಬಯಲಿನಲ್ಲಿ ಮಕ್ಕಳ ಓಟವೊಂದನ್ನು ಇಡೋಣ. ಅಡವಿಯ ಅಂಚಿನ ಮನೆಗಳಿಗೂ ಹೇಳಿ ಕಳಿಸೋಣ. ಗೆದ್ದವರು ಯಾರೇ ಇರಲಿ, ಅವರ ಹೆಸರು ಹಿಡಿದು ಕರೆಯೋಣ.

ಅಲ್ಲಾಹನು ನಮ್ಮ ಮಕ್ಕಳ ಮೈಗೆ ಬಲವನ್ನೂ ನಮ್ಮ ಮನಸ್ಸಿಗೆ ನ್ಯಾಯವನ್ನೂ ಕರುಣಿಸಲಿ. ಆಮೀನ್.